ಆಂಥಿಯಾಸ್: ಹಸಿವು ಮತ್ತು ಅಂತಸ್ತಿನ ಮೀನು

ಸಮುದ್ರದ ಮೀನು ಮಾರುವ ಅಂಗಡಿಗೆ ಮೊದಲ ಸಲ ಹೋದವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗಾಜಿನ ತೊಟ್ಟಿಯೊಳಗೆ ಹತ್ತಿಪ್ಪತ್ತು ಕಿತ್ತಳೆ ಬಣ್ಣದ ಪುಟ್ಟ ಮೀನು. ನಡುವೆ ಒಂದೇ ಒಂದು ಬೇರೆ ಥರದ್ದು: ನೇರಳೆ ಬೆರೆತ ಗುಲಾಬಿ ಮೈ, ಬೆನ್ನ ಮೇಲೆ ಜುಟ್ಟಿನಂತೆ ನಿಂತ ಉದ್ದನೆಯ ಎಳೆ, ಎರಡು ಕೊಂಕಾಗಿ ಸೀಳಿದ ಬಾಲ. "ಅದೊಂದು ಕೊಡಿ" ಎಂದೆ. ಕೊಟ್ಟರು. ಮನೆಗೆ ಬಂದ ಮೂರನೇ ದಿನ ಅದು ಕಲ್ಲಿನ ಹಿಂದೆ ಸೇರಿಕೊಂಡಿತು, ಹಾಕಿದ ಕಾಳನ್ನು ಮೂಸಿಯೂ ನೋಡಲಿಲ್ಲ, ಮೂರನೇ ವಾರ ಸತ್ತುಹೋಯಿತು. ನೀರು ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಓದಿ ತಿಳಿದುಕೊಂಡದ್ದು: ಕಿತ್ತಳೆಯವೆಲ್ಲ ಹೆಣ್ಣು, ನೇರಳೆಯದು ಅವುಗಳ ಗಂಡು. ಅಂದರೆ ಊರನ್ನೆಲ್ಲ ಅಲ್ಲೇ ಬಿಟ್ಟು ಊರಗೌಡನೊಬ್ಬನನ್ನೇ ಎತ್ತಿಕೊಂಡು ಬಂದಿದ್ದೆ. ಆ ಗೌಡನೂ ಕೆಲವು ತಿಂಗಳ ಹಿಂದೆ ಅದೇ ಊರಿನ ಹೆಣ್ಣಾಗಿದ್ದಿರಬಹುದು!

ಇದರ ಹೆಸರು ಲೈರ್‌ಟೇಲ್ ಆಂಥಿಯಾಸ್, ಆಂಥಿಯಾಸ್ ಬಳಗದ ಒಂದು ಜಾತಿ. ವಿಜ್ಞಾನಿಗಳಿಗೆ ಸ್ಯೂಡಾಂಥಿಯಾಸ್ ಸ್ಕ್ವಾಮಿಪಿನ್ನಿಸ್. ಕೆಂಪು ಸಮುದ್ರದಿಂದ ಹಿಡಿದು ಆಫ್ರಿಕಾದ ಪೂರ್ವ ಕರಾವಳಿ, ಮಾಲ್ಡೀವ್ಸ್, ಅತ್ತ ಜಪಾನ್, ಆಸ್ಟ್ರೇಲಿಯಾದವರೆಗೂ ಹವಳದ ದಿಬ್ಬಗಳಲ್ಲಿ ಇದೆ. ಗಂಡು ಹೆಚ್ಚೆಂದರೆ 15 ಸೆಂಟಿಮೀಟರ್. ಹೆಣ್ಣು ಅದಕ್ಕಿಂತ ಸಣ್ಣದು. ದೊಡ್ಡ ಬಾಯಿಯ ಗ್ರೂಪರ್ ಮೀನಿಗೆ ಇದು ದೂರದ ನೆಂಟ ಎಂದರೆ ನಂಬುವುದು ಕಷ್ಟ. ಆ ನೆಂಟನನ್ನು ಒಂದೇ ತೊಟ್ಟಿಗೆ ಬಿಟ್ಟರೆ ಇದನ್ನೇ ನುಂಗುತ್ತಾನೆ ಎಂಬುದನ್ನು ನಂಬಬಹುದು.

ಹವಳದ ದಿಬ್ಬದ ವಿಡಿಯೋಗಳಲ್ಲಿ ಕಿತ್ತಳೆ ಕಿಡಿಗಳಂತೆ ನೂರಾರು ಮೀನು ತೇಲುತ್ತಿರುವುದನ್ನು ನೋಡಿರುತ್ತೀರಿ. ಆ ದೃಶ್ಯದ ಒಂದು ಚೂರು ನಮ್ಮ ಹಾಲ್‌ನಲ್ಲಿ ಇರಲಿ ಎಂಬ ಆಸೆಯಿಂದಲೇ ಎಲ್ಲರೂ ಇದನ್ನು ಕೊಳ್ಳುವುದು. ಆದರೆ ಆ ದೃಶ್ಯವನ್ನು ನಡೆಸುತ್ತಿರುವ ಸಂಗತಿಗಳು ಎರಡು: ಹಸಿವು ಮತ್ತು ಅಂತಸ್ತು. ಟ್ಯಾಂಕಿನ ಅಳತೆ, ಫಿಲ್ಟರ್, ಎಷ್ಟು ಮೀನು, ಯಾವ ಮೀನು ಎಂಬ ಪ್ರಶ್ನೆಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ.

ದಿನವಿಡೀ ತಿನ್ನುವ ಮೀನು

ದಿಬ್ಬ ಒಂದು ಕಡೆ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಆ ಅಂಚಿಗೆ ಸಮುದ್ರದ ಹರಿವು ಬಂದು ಬಡಿಯುತ್ತದೆ, ಅದರ ಜೊತೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣ ಪ್ರಾಣಿಗಳು ತೇಲಿ ಬರುತ್ತವೆ: ಕೋಪೆಪಾಡ್, ಸೀಗಡಿಯ ಮರಿ, ಬೇರೆ ಮೀನಿನ ಮೊಟ್ಟೆ. ಆಂಥಿಯಾಸ್ ನಿಲ್ಲುವುದು ಇಲ್ಲಿ. ಹರಿವಿಗೆ ಮುಖ ಮಾಡಿ, ಈಜುತ್ತಲೇ ಇದ್ದಲ್ಲೇ ಇರುತ್ತದೆ. ಒಂದನ್ನೇ ಗಮನಿಸಿ ನೋಡಿ. ಕಣ್ಣು ಸ್ವಲ್ಪ ತಿರುಗುತ್ತದೆ, ಮೈ ಒಂದಿಷ್ಟು ಬಾಗುತ್ತದೆ, ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚಿ ಹಿಂದಕ್ಕೆ ಬರುತ್ತದೆ. ಒಂದು ಕಾಳು ಒಳಗೆ. ಮತ್ತೆ ಅದೇ ಜಾಗಕ್ಕೆ. ಬೆಳಕು ಮೂಡಿದಾಗಿನಿಂದ ಕತ್ತಲಾಗುವವರೆಗೆ ಇದೇ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಕೂತವರ ಥರ, ಒಂದೊಂದೇ ಕಾಳು, ನಿಲ್ಲದೆ.

ಹೀಗೆ ಬದುಕುವ ದೇಹಕ್ಕೆ ದೊಡ್ಡ ಗೋದಾಮು ಬೇಕಿಲ್ಲ. ಬೆಳಿಗ್ಗೆ ಒಂದು ಹೊತ್ತು ಹೊಟ್ಟೆ ತುಂಬ ತಿಂದು ಸಂಜೆಯವರೆಗೆ ಅರಗಿಸಿಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಜೊತೆಗೆ ಇಡೀ ದಿನ ಹರಿವಿಗೆ ಎದುರಾಗಿ ಈಜುವ ಖರ್ಚು ಬೇರೆ. ಹಾಗಾಗಿ ಗೋಲ್ಡ್‌ಫಿಶ್ ಸಾಕಿದ ಅಭ್ಯಾಸದಲ್ಲಿ ಬೆಳಿಗ್ಗೆ ಒಂದು ಚಿಟಿಕೆ, ರಾತ್ರಿ ಒಂದು ಚಿಟಿಕೆ ಹಾಕಿದರೆ ಆಂಥಿಯಾಸ್ ಉಪವಾಸ ಬೀಳುತ್ತದೆ. ಅದು ಒಮ್ಮೆಲೇ ಕಾಣುವುದಿಲ್ಲ. ತಿನ್ನುತ್ತಿರುತ್ತದೆ, ಓಡಾಡುತ್ತಿರುತ್ತದೆ, ತಿಂಗಳುಗಟ್ಟಲೆ ನಿಧಾನಕ್ಕೆ ಸೊರಗುತ್ತದೆ. ಪಕ್ಕದಿಂದ ನೋಡಿದರೆ ಗೊತ್ತಾಗದು. ಮೀನು ನಿಮ್ಮ ಕಡೆ ಮುಖ ಮಾಡಿದಾಗ ನೋಡಬೇಕು. ಹಣೆಯ ಹಿಂದೆ, ಬೆನ್ನಿನ ಎರಡೂ ಬದಿ ದುಂಡಗೆ ತುಂಬಿಕೊಂಡಿದ್ದರೆ ಸರಿ. ಅಲ್ಲಿ ಗುಳಿ ಬಿದ್ದು ಬೆನ್ನು ಚಾಕುವಿನ ಅಂಚಿನಂತೆ ಕಂಡರೆ ನೀವು ತಡಮಾಡಿದ್ದೀರಿ. ಅಂಗಡಿಯಲ್ಲೂ ಮೊದಲು ನೋಡಬೇಕಾದದ್ದು ಇದನ್ನೇ, ಬಣ್ಣವನ್ನಲ್ಲ.

ಎಷ್ಟು ಸಲ ಊಟ? ಹೊಸದಾಗಿ ಬಂದ ಗುಂಪಿಗೆ ದಿನಕ್ಕೆ 4 ಸಲವಾದರೂ, ಸ್ವಲ್ಪ ಸ್ವಲ್ಪ. ಮೈ ತುಂಬಿಕೊಂಡು, ಒಣ ಕಾಳು ತಿನ್ನಲು ಕಲಿತ ಮೇಲೆ 3ಕ್ಕೆ ಇಳಿಸಬಹುದು. ಲೈರ್‌ಟೇಲ್ ಗಟ್ಟಿ ಜಾತಿ, ಇಷ್ಟಕ್ಕೆ ಬದುಕುತ್ತದೆ. ಫ್ರೋಜನ್ ಮೈಸಿಸ್ ಸೀಗಡಿ, ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ), ಕೋಪೆಪಾಡ್ ಎಲ್ಲವನ್ನೂ ತಿನ್ನುತ್ತದೆ. ಸ್ವಲ್ಪ ದಿನಕ್ಕೆ ಸಣ್ಣ ಪೆಲೆಟ್‌ಗೂ ಒಗ್ಗುತ್ತದೆ, ಆಗ ಆಟೋಮ್ಯಾಟಿಕ್ ಫೀಡರ್ ಮೇಲೆ ಭಾರ ಹಾಕಿ ಆಫೀಸಿಗೆ ಹೋಗಬಹುದು. ಹೊಸತರಲ್ಲಿ ಏನೂ ಮುಟ್ಟದ ಮೀನಿಗೆ ಜೀವಂತ ಆರ್ಟೀಮಿಯಾ ಮರಿ ರಾಮಬಾಣ. ತಲೆಕೆಳಗು ಮಾಡಿದ ಒಂದು ಪ್ಲಾಸ್ಟಿಕ್ ಬಾಟಲಿ, ಉಪ್ಪುನೀರು, ಕೆಳಗಿನಿಂದ ಗಾಳಿ, 28 ಡಿಗ್ರಿ ಶಾಖ ಇದ್ದರೆ ಮೊಟ್ಟೆ ಸುಮಾರು 24 ಗಂಟೆಯಲ್ಲಿ ಒಡೆಯುತ್ತದೆ. ಒಡೆದ ಕೆಲವು ಗಂಟೆಯೊಳಗೇ ತಿನ್ನಿಸಬೇಕು. ತಡವಾದರೆ ಮರಿ ತನ್ನ ಹೊಟ್ಟೆಯಲ್ಲಿದ್ದ ಕೊಬ್ಬನ್ನು ತಾನೇ ಕರಗಿಸಿಕೊಂಡಿರುತ್ತದೆ, ಮೀನಿಗೆ ಸಿಗುವುದು ಬರೀ ಸಿಪ್ಪೆ.

ಕೆಲವರು ಇದಕ್ಕೆಂದೇ ಟ್ಯಾಂಕಿನ ಪಕ್ಕ ಒಂದು ಪುಟ್ಟ ಫ್ರಿಜ್ ಇಟ್ಟು, ಅದರೊಳಗೆ ಕರಗಿಸಿದ ಆಹಾರ ತುಂಬಿ, ಒಂದು ಡೋಸಿಂಗ್ ಪಂಪ್‌ನಿಂದ ಗಂಟೆಗೊಮ್ಮೆ ಕೆಲವು ಮಿಲಿಲೀಟರ್ ಬಿಡುತ್ತಾರೆ. ಹುಚ್ಚು ಎನಿಸಬಹುದು. ಪರ್ಪಲ್ ಕ್ವೀನ್ ಎಂಬ, ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ನೇರಳೆ ಆಂಥಿಯಾಸ್ ಸಾಕಬೇಕೆಂದರೆ ಈ ಹುಚ್ಚೇ ಕನಿಷ್ಠ ಅರ್ಹತೆ. ಮೊದಲ ಸಲದವರು ಅದರ ಕಡೆ ತಿರುಗಿಯೂ ನೋಡಬಾರದು ಎಂದೇ ನನ್ನ ಅಭಿಪ್ರಾಯ. ಶುರುವಿಗೆ ಲೈರ್‌ಟೇಲ್, ಸಿಕ್ಕರೆ ಪೆಸಿಫಿಕ್‌ನ ಬಾರ್ಟ್‌ಲೆಟ್ಸ್ ಆಂಥಿಯಾಸ್. ಇವೆರಡನ್ನು ದಾಟಿ ಆಸೆ ಪಡುವುದು ಬೇಡ.

ಬಣ್ಣವೂ ಊಟದ್ದೇ ಕಥೆ. ಕಿತ್ತಳೆ ಬಣ್ಣ ಕೊಡುವುದು ಕೆರೋಟಿನಾಯ್ಡ್‌ಗಳು. ಮೀನು ಇವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ತಿಂದ ಸೀಗಡಿ, ಕೋಪೆಪಾಡ್‌ಗಳಿಂದ ಪಡೆದು ಚರ್ಮದಲ್ಲಿ ಕೂಡಿಡುತ್ತದೆ. ಅಗ್ಗದ ಕಾಳು ಹಾಕಿದರೆ ಆರು ತಿಂಗಳಿಗೆ ಕಿತ್ತಳೆ ಹೋಗಿ ಒಣಗಿದ ಸಿಪ್ಪೆಯ ಬಣ್ಣ ಉಳಿಯುತ್ತದೆ. ಇಲ್ಲೊಂದು ತಮಾಷೆಯಿದೆ. ಸಮುದ್ರದಲ್ಲಿ ಕೆಂಪು ಬೆಳಕನ್ನು ನೀರು ಮೇಲ್ಪದರದಲ್ಲೇ ಹೀರಿಬಿಡುತ್ತದೆ. ಇಪ್ಪತ್ತು ಮೀಟರ್ ಆಳದಲ್ಲಿ ಟಾರ್ಚ್ ಇಲ್ಲದೆ ನೋಡಿದರೆ ಇದೇ ಮೀನು ಬೂದುಬಣ್ಣದ್ದಾಗಿ ಕಾಣುತ್ತದೆ. ನಾವು ಮನೆಯಲ್ಲಿ ಎಲ್‌ಇಡಿ ಕೆಳಗೆ ನೋಡಿ ಮರುಳಾಗುವ ಆ ಉರಿಕೆಂಪು ಅದರ ಊರಿನಲ್ಲಿ ಬಹುಪಾಲು ಮರೆಯಾಗಿಯೇ ಇರುತ್ತದೆ.

ಮೆಟ್ಟಿಲ ಮೇಲಿನ ಸಂಸಾರ

ಇನ್ನು ಅಂತಸ್ತು. ಆಂಥಿಯಾಸ್ ಎಲ್ಲವೂ ಹೆಣ್ಣಾಗಿ ಬದುಕು ಶುರು ಮಾಡುತ್ತವೆ. ಗುಂಪಿನಲ್ಲಿ ಗಂಡು ಸತ್ತರೆ ಅಥವಾ ಕಾಣೆಯಾದರೆ ಹೆಣ್ಣುಗಳಲ್ಲಿ ದೊಡ್ಡದು, ಜೋರಿನದು, ಕೆಲವು ವಾರಗಳಲ್ಲಿ ಗಂಡಾಗಿಬಿಡುತ್ತದೆ. ಮೊದಲು ಬದಲಾಗುವುದು ನಡತೆ. ಆಮೇಲೆ ಬಣ್ಣ. ಒಳಗೆ ಅಂಡಾಶಯ ಇದ್ದಲ್ಲಿ ವೃಷಣ ರೂಪುಗೊಳ್ಳುತ್ತದೆ. ಇಸ್ರೇಲಿನ ಪ್ರಾಣಿಶಾಸ್ತ್ರಜ್ಞ ಲೆವ್ ಫಿಶೆಲ್ಸನ್ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದೇ ಮೀನಿನ ಬಗ್ಗೆ ಬರೆದು, ಗಂಡು ಇದೆಯೋ ಇಲ್ಲವೋ ಎಂಬುದೇ ಈ ಬದಲಾವಣೆಯನ್ನು ಹಿಡಿದಿಡುವ ಲಗಾಮು ಎಂದು ತೋರಿಸಿದರು. ಹತ್ತು ವರ್ಷದ ನಂತರ, 1980ರಲ್ಲಿ, ಡಗ್ಲಸ್ ಶಪೀರೊ ಎಂಬ ವಿಜ್ಞಾನಿ ದೊಡ್ಡ ಗುಂಪುಗಳಿಂದ ಹಲವು ಗಂಡುಗಳನ್ನು ಒಟ್ಟಿಗೇ ತೆಗೆದು ನೋಡಿದರು. ಎಷ್ಟು ಗಂಡು ಹೋಗಿದ್ದವೋ ಅಷ್ಟೇ ಹೆಣ್ಣುಗಳು ಗಂಡಾದವು. ಎಲ್ಲ ಒಮ್ಮೆಲೇ ಅಲ್ಲ, ಸರತಿಯಲ್ಲಿ ನಿಂತವರಂತೆ, ಒಂದಾದ ಮೇಲೊಂದು. ಗುಂಪಿಗೆ ತನ್ನ ಲೆಕ್ಕ ತನಗೆ ಗೊತ್ತಿದೆ.

ಸಿನಿಮಾದಿಂದ ಎಲ್ಲರಿಗೂ ಪರಿಚಯವಾದ ಕ್ಲೌನ್ ಫಿಶ್‌ನದು ಇದಕ್ಕೆ ಉಲ್ಟಾ: ಅಲ್ಲಿ ಗಂಡು ಹೆಣ್ಣಾಗುತ್ತದೆ.

ಮನೆಯ ಟ್ಯಾಂಕಿಗೆ ಇದರ ಅರ್ಥವೇನು? ಗಂಡನ್ನು ಕೊಳ್ಳಬೇಕಾಗಿಯೇ ಇಲ್ಲ. ಐದರಿಂದ ಏಳು ಹೆಣ್ಣುಗಳನ್ನು, ಸಾಧ್ಯವಾದಷ್ಟು ಸಣ್ಣವನ್ನು, ಒಟ್ಟಿಗೆ ತಂದು ಒಟ್ಟಿಗೇ ಬಿಡಿ. ಅವುಗಳಲ್ಲಿ ಒಂದು ಗಂಡಾಗುತ್ತದೆ. ಅಂಗಡಿಯಲ್ಲಿ ಗಂಡು ಎಂದು ಹೆಚ್ಚಿನ ಬೆಲೆ ಕೊಟ್ಟು ತಂದದ್ದು ಎಷ್ಟೋ ಸಲ ದೊಡ್ಡ ವಯಸ್ಸಿನದು, ಹೊಸ ಜಾಗಕ್ಕೆ ಹೊಂದಿಕೊಳ್ಳದು. ಎರಡು ಗಂಡು ತಂದರಂತೂ ನಾಲ್ಕಡಿ ಟ್ಯಾಂಕ್ ಕುರುಕ್ಷೇತ್ರ.

ಇಷ್ಟೇ ಆಗಿದ್ದರೆ ಸುಲಭವಿತ್ತು. ತೊಂದರೆ ಇರುವುದು ಮೆಟ್ಟಿಲ ಕೆಳಗೆ. ಗಂಡು ಮೊದಲ ಹೆಣ್ಣನ್ನು ಗದರುತ್ತದೆ, ಅದು ಎರಡನೆಯದನ್ನು ಅಟ್ಟುತ್ತದೆ, ಎರಡನೆಯದು ಮೂರನೆಯದನ್ನು. ಎಲ್ಲರ ಸಿಟ್ಟೂ ಇಳಿದು ಇಳಿದು ಕೊನೆಯದರ ಮೇಲೆ ಬೀಳುತ್ತದೆ. ಅದು ಬಾಲ ಹರಿದುಕೊಂಡು ಓವರ್‌ಫ್ಲೋ (ಟ್ಯಾಂಕಿನ ನೀರು ಫಿಲ್ಟರ್ ಕಡೆ ಇಳಿದು ಹೋಗುವ ಕಿಂಡಿ) ಪಕ್ಕದ ಮೂಲೆಯಲ್ಲಿ ನಿಲ್ಲುತ್ತದೆ. ಊಟ ಹಾಕಿದಾಗ ಮುಂದೆ ಬರುವ ಧೈರ್ಯವಿಲ್ಲ. ಎರಡು ತಿಂಗಳಿಗೆ ಅದು ಇಲ್ಲ. ಆಗ ಆರನೆಯದು ಕೊನೆಯದಾಗುತ್ತದೆ. ಏಳಿದ್ದದ್ದು ಐದಾಗಿ, ಮೂರಾಗಿ, ಕೊನೆಗೆ ಒಂದೇ ಒಂದು ಉಳಿಯುವ ಕಥೆ ಇದನ್ನು ಸಾಕಿದ ಬಹಳ ಮಂದಿಗೆ ಗೊತ್ತು. ಹಸಿರು ಕ್ರೋಮಿಸ್ ಎಂಬ ಇನ್ನೊಂದು ಗುಂಪಿನ ಮೀನನ್ನು ಸಾಕಿದವರಿಗಂತೂ ಬಾಯಿಪಾಠ.

ಸಮುದ್ರದಲ್ಲಿ ಹೀಗೇಕೆ ಆಗುವುದಿಲ್ಲ? ಅಲ್ಲಿಯೂ ಜಗಳ ಇದೆ. ಆದರೆ ಅಲ್ಲಿ ಮೇಲಿನಿಂದ ಟ್ರೆವಾಲಿ, ಪಕ್ಕದಿಂದ ಸಿಂಹಮೀನು, ಕೆಳಗಿನಿಂದ ಗ್ರೂಪರ್. ಗುಂಪಿನಿಂದ ದೂರ ಹೋದವನು ಊಟವಾಗುತ್ತಾನೆ. ಭಯ ಎಲ್ಲರನ್ನೂ ಹತ್ತಿರ ಹಿಡಿದಿಡುತ್ತದೆ. ಜೊತೆಗೆ ಅಟ್ಟಿಸಿಕೊಂಡ ಹೆಣ್ಣು ಹತ್ತು ಮೀಟರ್ ಆಚೆ ಹೋದರೆ ಅಲ್ಲೊಂದು ಬೇರೆ ಗುಂಪು ಸಿಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಶತ್ರುವಿನ ಭಯ ಇಲ್ಲ, ಓಡಿಹೋಗಲು ಜಾಗವೂ ಇಲ್ಲ. ಗುಂಪನ್ನು ಕಟ್ಟಿದ್ದ ಅಂಟು ಕರಗಿ ಹೋಗುತ್ತದೆ, ಅಂತಸ್ತಿನ ಜಗಳ ಮಾತ್ರ ಉಳಿಯುತ್ತದೆ. ಫೋಟೋದಲ್ಲಿ ನೋಡಿದಂತೆ ಎಲ್ಲವೂ ಸದಾ ಒಂದೇ ಮೋಡವಾಗಿ ತೇಲುತ್ತವೆ ಎಂದುಕೊಂಡಿದ್ದರೆ ನಿರಾಸೆ ಖಂಡಿತ. ಒಗ್ಗಿಕೊಂಡ ಮೇಲೆ ಅವು ಚದುರಿ ಓಡಾಡುತ್ತವೆ, ಊಟದ ಹೊತ್ತಿಗೆ ಮತ್ತು ಬೆದರಿದಾಗ ಮಾತ್ರ ಒಟ್ಟಾಗುತ್ತವೆ.

ಕೊನೆಯದನ್ನು ಉಳಿಸುವುದೇ ಗುಂಪನ್ನು ಉಳಿಸುವ ಉಪಾಯ. ಜಗಳ ಎಷ್ಟು ಕ್ರೂರವಾಗುತ್ತದೆ ಎಂಬುದನ್ನು ಹಸಿವು ತೀರ್ಮಾನಿಸುತ್ತದೆ. ಊಟ ಒಂದೇ ಮೂಲೆಯಲ್ಲಿ, ದಿನಕ್ಕೆ ಒಂದೇ ಸಲ ಬಿದ್ದರೆ ಮೇಲಿನವರು ಅದಕ್ಕೆ ಕಾವಲು ಕಾಯುತ್ತಾರೆ. ವೇವ್‌ಮೇಕರ್‌ನ (ಟ್ಯಾಂಕಿನೊಳಗೆ ನೀರನ್ನು ತಳ್ಳುವ ಪಂಪ್) ಹರಿವಿನ ಮುಂದೆ ಬಿಟ್ಟು ಟ್ಯಾಂಕಿನ ಉದ್ದಕ್ಕೂ ಚದುರಿಸಿದರೆ ಯಾರೂ ಕಾಯಲಾರರು. ಟ್ಯಾಂಕ್ ಎತ್ತರಕ್ಕಿಂತ ಉದ್ದವಿರಬೇಕು: ನಾಲ್ಕಡಿ, 400 ಲೀಟರ್ ಎಂಬುದು ಏಳು ಲೈರ್‌ಟೇಲ್‌ಗೆ ಇಕ್ಕಟ್ಟಿನ ಕನಿಷ್ಠ, ಐದಡಿಯಾದರೆ ಉಸಿರಾಡಬಹುದು. ರಾತ್ರಿ ಒಂದೊಂದು ಮೀನೂ ತನ್ನದೇ ಬಿಲದಲ್ಲಿ ಮಲಗುತ್ತದೆ. ಏಳು ಮೀನಿಗೆ ಏಳು ಬಿಲ ಸಾಲದು, ಹತ್ತು ಹನ್ನೆರಡಾದರೂ ಇರಬೇಕು, ಒಂದರಿಂದ ಇನ್ನೊಂದು ಕಾಣದಂತೆ. ಕಲ್ಲು ಜೋಡಿಸುವಾಗ ಚೆಂದದ ಗೋಡೆ ಕಟ್ಟಬೇಡಿ, ಎರಡು ದಿಬ್ಬ ಮಾಡಿ ನಡುವೆ ಓಣಿ ಬಿಡಿ.

ಒಂದು ಮರೆಯಬಾರದ ಮಾತು: ಬೆದರಿದ ಆಂಥಿಯಾಸ್ ನೇರ ಮೇಲಕ್ಕೆ ಹಾರುತ್ತದೆ. ಮುಚ್ಚಳವಾಗಿ ತೆಳು ಬಲೆ ಇಲ್ಲದಿದ್ದರೆ ಬೆಳಿಗ್ಗೆ ಸೋಫಾದ ಕೆಳಗೆ ಒಣಗಿದ ಕಿತ್ತಳೆ ಎಲೆಯಂಥದ್ದು ಸಿಗುತ್ತದೆ.

ಊಟದ ಸಾಲ ನೀರು ತೀರಿಸುತ್ತದೆ

ದಿನಕ್ಕೆ ನಾಲ್ಕು ಸಲ ಊಟ ಹಾಕಿದರೆ ನಾಲ್ಕು ಸಲದ ಕೊಳಕು ಬೀಳುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದದ್ದು ಕೊಳೆತು ಇನ್ನಷ್ಟು ಬಿಡುತ್ತದೆ. ಸಿಹಿನೀರಿಗಿಂತ ಸಮುದ್ರದ ನೀರಿನಲ್ಲಿ ಇದು ಹೆಚ್ಚು ಅಪಾಯ, ಏಕೆಂದರೆ ಇದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2ರ ಸುತ್ತ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕಲ್ಲು, ಮರಳಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಈ ಬಳಗ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ "ಸೈಕಲ್ ಆಯಿತು" ಎನ್ನುವುದು ಇದನ್ನೇ. ಆಂಥಿಯಾಸ್‌ಗೆ ನಾನು ಇನ್ನೂ ಮೂರು ನಾಲ್ಕು ತಿಂಗಳು ಕಾಯಿರಿ ಎನ್ನುತ್ತೇನೆ. ಕಲ್ಲಿನ ಮೇಲೆ ಪಾಚಿ ಬಂದು, ಅದರಲ್ಲಿ ಕೋಪೆಪಾಡ್ ಹುಟ್ಟಿಕೊಂಡು, ಎರಡು ಊಟದ ನಡುವೆ ಮೀನಿಗೆ ಕೊಕ್ಕಲು ಏನಾದರೂ ಇರುವಂತಾಗಲಿ.

ಸ್ಕಿಮ್ಮರ್ ಇಲ್ಲದೆ ಈ ಮೀನಿಗೆ ಕೈ ಹಾಕಬೇಡಿ. ಅದೊಂದು ಕೊಳವೆ, ಒಳಗೆ ಕೋಟಿಗಟ್ಟಲೆ ಸಣ್ಣ ಗುಳ್ಳೆ. ಕೊಳೆಯುವ ಮೊದಲೇ ಪ್ರೋಟೀನ್, ಕೊಬ್ಬಿನ ಕಣಗಳು ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತವೆ. ಬೇಳೆ ಬೇಯುವಾಗ ಪಾತ್ರೆಯ ಬಾಯಿಗೆ ಬರುವ ನೊರೆ ನೆನಪಿಸಿಕೊಳ್ಳಿ. ವಾರಕ್ಕೊಮ್ಮೆ ಆ ಬಟ್ಟಲು ತೊಳೆಯುವುದು ಮನೆಯಲ್ಲಿ ಬೇರೆ ಯಾರೂ ಒಪ್ಪದ ಕೆಲಸ, ಅಷ್ಟು ನಾತ. ಸ್ಕಿಮ್ಮರ್ ಜೊತೆಗೆ ಆಮ್ಲಜನಕವನ್ನೂ ಬೆರೆಸುತ್ತದೆ. ಅದು ಸಣ್ಣ ಉಪಕಾರವಲ್ಲ: 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, ಸಮುದ್ರದ ನೀರು ಹಿಡಿಯುವುದು 6.8 ಮಾತ್ರ. ದಿನವಿಡೀ ಈಜುವ ಮೀನು ಅದರಲ್ಲೇ ಬದುಕಬೇಕು. ಆದ್ದರಿಂದ ಕರೆಂಟ್ ಹೋದಾಗ ಮೊದಲು ಸಾಯುವುದು ಆಂಥಿಯಾಸ್. ಲೈಟ್‌ಗೆ ಇನ್ವರ್ಟರ್ ಕೊಡದಿದ್ದರೂ ನಡೆದೀತು, ಒಂದು ವೇವ್‌ಮೇಕರ್ ಅಥವಾ ಬ್ಯಾಟರಿ ಏರ್‌ಪಂಪ್‌ಗೆ ಕೊಡಲೇಬೇಕು.

ಉಪ್ಪಿನ ಲೆಕ್ಕ ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಲೀಟರ್‌ಗೆ 35 ಗ್ರಾಂ. 400 ಲೀಟರ್‌ಗೆ 14 ಕೆಜಿ. ವಾರಕ್ಕೆ 60 ಲೀಟರ್ ಬದಲಾಯಿಸಿದರೆ 2 ಕೆಜಿಗೂ ಸ್ವಲ್ಪ ಮೇಲೆ, ವರ್ಷಕ್ಕೆ ನೂರು ಕೆಜಿ ದಾಟುತ್ತದೆ. ಅಡುಗೆ ಉಪ್ಪು ಆಗದು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಇವೆ. ಮಂಗಳೂರು, ಉಡುಪಿ ಕಡೆಯವರು "ಸಮುದ್ರವೇ ಪಕ್ಕದಲ್ಲಿದೆಯಲ್ಲ" ಎಂದು ಕ್ಯಾನಿನಲ್ಲಿ ತುಂಬಿಸಿ ತರುವುದುಂಟು. ಬೇಸಿಗೆಯಲ್ಲಿ, ನದಿಬಾಯಿಯಿಂದ ದೂರದಲ್ಲಿ ತಂದು ಸೋಸಿದರೆ ಆದೀತು. ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣೆಯ ಕೆಂಪು ನೀರು ಬೆರೆತಾಗ ಅದರ ಉಪ್ಪೂ ಇಳಿದಿರುತ್ತದೆ, ಊರಿನ ಕೊಳಕೂ ಸೇರಿರುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಲೀಟರ್ ಆರಿ, ನೀವು ಒಂದು ವಾರ ಊರಿಗೆ ಹೋಗಿ ಬಂದರೆ 35 ಇದ್ದ ಲವಣಾಂಶ 37.6 ಆಗಿರುತ್ತದೆ. ತುಂಬಿಸಬೇಕಾದದ್ದು ಆರ್‌ಓ ನೀರು, ಉಪ್ಪುನೀರಲ್ಲ. ಬೆಂಗಳೂರಿನ ಬೋರ್‌ವೆಲ್ ನೀರನ್ನಂತೂ ಹತ್ತಿರಕ್ಕೂ ತರಬೇಡಿ. ಶಾಖ 24ರಿಂದ 26 ಡಿಗ್ರಿ. ಬೆಂಗಳೂರಿನ ಒಣ ಏಪ್ರಿಲ್‌ನಲ್ಲಿ ನೀರಿನ ಮೇಲೆ ಎರಡು ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಬೆವರಿನ ಗಾಳಿಯಲ್ಲಿ ಆ ಉಪಾಯ ಅಷ್ಟು ನಡೆಯದು, ನೀರು ತಣಿಸುವ ಚಿಲ್ಲರ್‌ಗೆ ದುಡ್ಡು ಎತ್ತಿಡಬೇಕು.

ಚೀಲ ಬಿಚ್ಚುವ ಮೊದಲು

ಕ್ಲೌನ್ ಫಿಶ್ ಕಲ್ಲಿಗೆ ಮೊಟ್ಟೆ ಅಂಟಿಸಿ ಕಾಯುತ್ತದೆ, ಹಾಗಾಗಿ ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದು ಸುಲಭ. ಆಂಥಿಯಾಸ್ ಮುಸ್ಸಂಜೆಯಲ್ಲಿ ಮೊಟ್ಟೆಯನ್ನು ಹರಿಯುವ ನೀರಿಗೇ ಬಿಡುತ್ತದೆ. ಒಡೆದ ಮರಿಯ ಬಾಯಿ ಎಷ್ಟು ಸಣ್ಣದೆಂದರೆ ಅದಕ್ಕೆ ತಕ್ಕ ಆಹಾರ ಬೆಳೆಸುವುದೇ ದೊಡ್ಡ ವಿದ್ಯೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ, ಕೇರಳದ ವಿಳಿಂಜಂ ಕೇಂದ್ರದವರು ಮಾರ್ಸಿಯಾ ಆಂಥಿಯಾಸ್ ಎಂಬ ಜಾತಿಯನ್ನು ಮರಿ ಮಾಡಿಸಿರುವುದು ಅದಕ್ಕೇ ದೊಡ್ಡ ಸುದ್ದಿ. ಅಂಗಡಿಗೆ ಬರುವ ಲೈರ್‌ಟೇಲ್ ಮಾತ್ರ ಇಂದಿಗೂ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಲ್ಲಿ ಹಿಡಿದದ್ದು. ಆಳದಿಂದ ಬೇಗ ಎಳೆದು ತಂದರೆ ಅದರ ಗಾಳಿಚೀಲ ಹಿಗ್ಗಿ ಮೀನು ತಲೆಕೆಳಗಾಗಿ ಈಜುತ್ತದೆ. ಕೆಲವು ದೇಶಗಳಲ್ಲಿ ಸೈನೈಡ್ ಚಿಮುಕಿಸಿ, ಮಂಪರು ಬರಿಸಿ ಹಿಡಿಯುವವರೂ ಇದ್ದಾರೆ. ಆದ್ದರಿಂದ ಅಂಗಡಿಯಲ್ಲಿ ಎರಡು ವಾರವಾದರೂ ಇದ್ದ, ನಿಮ್ಮ ಕಣ್ಣೆದುರೇ ತಿಂದ ಮೀನನ್ನೇ ಕೇಳಿ. "ತಿನ್ನುತ್ತೆ ಸಾರ್" ಎನ್ನುವ ಮಾತು ಸಾಲದು, ಹಾಕಿ ತೋರಿಸಲಿ.

ಮೈ ಮೇಲೆ ಕೆಂಪು ಗಾಯ, ಪಕ್ಕೆಯಲ್ಲಿ ರಕ್ತ ಕಟ್ಟಿದಂಥ ಕಲೆ ಇರುವ ಒಂದೇ ಒಂದು ಮೀನು ಆ ತೊಟ್ಟಿಯಲ್ಲಿದ್ದರೂ ಯಾವುದನ್ನೂ ತರಬೇಡಿ. ಅದು ಯೂರೊನಿಮಾ ಎಂಬ ಏಕಕೋಶ ಜೀವಿಯ ಕೆಲಸವಿರಬಹುದು, ಆಂಥಿಯಾಸ್ ಮತ್ತು ಕ್ರೋಮಿಸ್ ಎಂದರೆ ಅದಕ್ಕೆ ಬಲು ಇಷ್ಟ. ಗಾಯ ಕಂಡ ಒಂದೆರಡು ದಿನದಲ್ಲಿ ಮೀನು ಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ಬಿಳಿಚುಕ್ಕಿ ರೋಗದ ಜೀವಿ, ಕ್ರಿಪ್ಟೊಕ್ಯಾರಿಯಾನ್, ಮೀನಿಲ್ಲದೆ ಬಹುಕಾಲ ಬದುಕಲಾರದು. ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಬಿಟ್ಟು ಅದನ್ನು ಕೊಲ್ಲುವುದು ರೂಢಿ. ಯೂರೊನಿಮಾಗೆ ಮೀನೇ ಬೇಕೆಂದಿಲ್ಲ, ಕೊಳೆತದ್ದನ್ನು ತಿಂದುಕೊಂಡೂ ಬದುಕುತ್ತದೆ. ಬಿಳಿಚುಕ್ಕಿಯಲ್ಲಿ ಇನ್ನೊಂದು ಮೋಸವಿದೆ. ಚುಕ್ಕಿ ನಾಲ್ಕೈದು ದಿನಕ್ಕೆ ತಾನಾಗಿ ಉದುರುತ್ತದೆ, ನಾವು ವಾಸಿಯಾಯಿತು ಎಂದುಕೊಳ್ಳುತ್ತೇವೆ. ಉದುರಿದ್ದು ಮರಳಿನಲ್ಲಿ ಗಂಟಾಗಿ ಕೂತು, ಒಡೆದು, ನೂರಾರಾಗಿ ಮರಳಿ ಬರುತ್ತದೆ. ಇದಕ್ಕೆ ತಾಮ್ರದ ಔಷಧಿ ಕೆಲಸ ಮಾಡುತ್ತದೆ, ಆದರೆ ಪ್ರತ್ಯೇಕ ತೊಟ್ಟಿಯಲ್ಲಿ, ಅಳತೆಯ ಕಿಟ್ ಕೈಯಲ್ಲಿಟ್ಟುಕೊಂಡು. ನಾಲ್ಕು ವಾರದ ಕ್ವಾರಂಟೈನ್ ಮಾಡಲು ತಾಳ್ಮೆ ಇಲ್ಲದಿದ್ದರೆ ಈ ಹವ್ಯಾಸವೇ ಬೇಡ.

ಚೀಲದ ನೀರಿಗೆ ಗಂಟೆಗಟ್ಟಲೆ ಹನಿ ಹನಿಯಾಗಿ ಟ್ಯಾಂಕ್ ನೀರು ಬೆರೆಸುವ ಹಳೆಯ ಪದ್ಧತಿ ದೂರದಿಂದ ಬಂದ ಮೀನಿಗೆ ಅಪಾಯ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿರುತ್ತದೆ, ಅದರಿಂದ ಅಮೋನಿಯಾ ಹೆಚ್ಚು ಕೇಡಿಲ್ಲದ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿದೊಡನೆ ಗಾಳಿ ಆಡಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಮುಚ್ಚಿದ ಚೀಲವನ್ನೇ ತೇಲಿಬಿಟ್ಟು ಶಾಖ ಹೊಂದಿಸಿ, ಕ್ವಾರಂಟೈನ್ ತೊಟ್ಟಿಯ ಲವಣಾಂಶವನ್ನು ಚೀಲದ ನೀರಿಗೆ ಮೊದಲೇ ಸರಿಹೊಂದಿಸಿಟ್ಟುಕೊಂಡರೆ, ಬಿಚ್ಚಿದ ಕೂಡಲೇ ಮೀನನ್ನು ದಾಟಿಸಬಹುದು.

ಕಲ್ಲಿನ ಬಗ್ಗೆ ಕಾನೂನಿನ ಮಾತೊಂದಿದೆ. 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲ್ಗುದುರೆ ಎಲ್ಲ ಸೇರಿದವು. ಹುಲಿ ಇರುವ ಪಟ್ಟಿಯೇ ಅದು. ನಮ್ಮ ಸಮುದ್ರದಿಂದ ಕಿತ್ತು ತಂದ ಹವಳ, ಹವಳ ಹತ್ತಿದ ಲೈವ್ ರಾಕ್ (ಜೀವಿಗಳು ಅಂಟಿಕೊಂಡ ಸಮುದ್ರದ ಕಲ್ಲು) ಯಾರು "ಏನಾಗಲ್ಲ ಬಿಡಿ" ಎಂದು ಕೊಟ್ಟರೂ ಮುಟ್ಟಬೇಡಿ. ಆಂಥಿಯಾಸ್ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಹವಳವೂ ಬೇಕಿಲ್ಲ. ಬೇಕಾದದ್ದು ಬಿಲ ಮತ್ತು ಹರಿವು. ಸೆರಾಮಿಕ್ ಕಲ್ಲಿನ ಮೇಲೂ ಬ್ಯಾಕ್ಟೀರಿಯಾ ಅಷ್ಟೇ ಸಲೀಸಾಗಿ ಬೆಳೆಯುತ್ತದೆ.

ಗೌಡನನ್ನು ಕಳೆದುಕೊಂಡ ಮರುವರ್ಷ ನಾನು ಏಳು ಹೆಣ್ಣು ತಂದೆ. ಎರಡು ತಿಂಗಳು ಎಲ್ಲವೂ ಕಿತ್ತಳೆಯೇ. ಕಣ್ಣಿನ ಕೆಳಗಿನಿಂದ ಹೊರಡುವ ತೆಳು ನೇರಳೆ ಗೆರೆಯೊಂದು ಬಿಟ್ಟರೆ ಒಂದರಿಂದ ಇನ್ನೊಂದನ್ನು ಗುರುತಿಸಲು ಏನೂ ಇರಲಿಲ್ಲ. ಒಂದು ಸಂಜೆ ಲೈಟ್ ಮಂಕಾಗುವ ಹೊತ್ತಿಗೆ ದೊಡ್ಡದು ಸರ್ರನೆ ಕೆಳಕ್ಕೆ ಧುಮುಕಿ, ಉಳಿದವರ ಮುಂದೆ ತಿರುವಿ, ಅಷ್ಟೇ ವೇಗದಲ್ಲಿ ಮೇಲಕ್ಕೆ ಹೋಯಿತು. ಮತ್ತೆ ಹಾಗೇ. ಗಂಡುಗಳು ಮಾಡುವ, ಇಂಗ್ಲಿಷಿನ ಯು ಅಕ್ಷರದಂಥ ಓಟ ಅದು. ಮೈ ಇನ್ನೂ ಪೂರ್ತಿ ಕಿತ್ತಳೆ. ಮುಂದಿನ ವಾರ ಬೆನ್ನಿನ ಮೂರನೇ ಮುಳ್ಳು ಬೇರೆಯವಕ್ಕಿಂತ ಒಂದು ಕೂದಲೆಳೆ ಉದ್ದ ಕಂಡಿತು, ಎದೆಯ ರೆಕ್ಕೆಯಲ್ಲಿ ಗುಲಾಬಿ ಮಚ್ಚೆ ಮೂಡಿತು. ಅದೇ ವಾರ ಏಳನೆಯದು ಓವರ್‌ಫ್ಲೋ ಮೂಲೆ ಸೇರಿತ್ತು, ಬಾಲದ ತುದಿ ಹರಿದಿತ್ತು. ಅವತ್ತಿನಿಂದ ಊಟದ ಹೊತ್ತಿಗೆ ಎರಡು ಸಿರಿಂಜ್: ದೊಡ್ಡದು ವೇವ್‌ಮೇಕರ್ ಮುಂದೆ, ಅದಾದ ಹತ್ತು ಸೆಕೆಂಡಿಗೆ ಸಣ್ಣದು ಆ ಮೂಲೆಯಲ್ಲಿ.